ತಮಟೆ ಸದ್ದು ಬೇಕು, ಬಡಿಯುವವನ ಹೆಸರು ಬೇಡವೆ?



ಹೋದ ತಿಂಗಳು ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಒಂದು ಚಿತ್ರ ತೋರಿಸಿದೆವು. ಆನಂದ ಪಟವರ್ಧನ್ ಅವರು 2011ರಲ್ಲಿ ಮುಗಿಸಿದ 'ಜೈ ಭೀಮ್ ಕಾಮ್ರೇಡ್' ಎಂಬ ಸಾಕ್ಷ್ಯಚಿತ್ರ. ಹತ್ತಿರ ಹತ್ತಿರ ಮೂರು ಗಂಟೆ. ಮಾತೂ ಹಾಡೂ ಹೆಚ್ಚಾಗಿ ಮರಾಠಿ. ನಮ್ಮ ಹುಡುಗನೊಬ್ಬ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳ್ತಾ ಹೋದ. ಯಾರೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ ತಮಟೆ ಬಡಿಯುವ ನಮ್ಮ ದೊಡ್ಡಪ್ಪ ಕೇಳಿದರು: "ಅಲ್ಲ ಕಣಪ್ಪಾ, ಹಾಡೋನು ಸತ್ತ ಮೇಲೂ ಹದಿನಾಲ್ಕು ವರ್ಷ ಅವನ ಜಾಡು ಹಿಡಿದು ಚಿತ್ರ ಮಾಡವ್ರೆ. ನಾನು ಬದುಕೇ ಇದ್ದೀನಲ್ಲ, ನನ್ನ ಹೆಸರು ಕೇಳಿದೋರು ಯಾರು?"

ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚಿತ್ರ ನೋಡದವರಿಗೆ ಸಂಗತಿ ಹೇಳಬೇಕು. 1997ರ ಜುಲೈ 11. ಮುಂಬಯಿಯ ಘಾಟಕೋಪರದ ರಮಾಬಾಯಿ ನಗರ. ಬೆಳಗ್ಗೆ ಎದ್ದು ನೋಡಿದರೆ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ. ಜನ ರಸ್ತೆಗೆ ಬಂದರು. ಪೊಲೀಸರು ಗುಂಡು ಹಾರಿಸಿದರು. ಹತ್ತು ಹೆಣ ಬಿದ್ದವು. ಗ್ಯಾಸ್ ಟ್ಯಾಂಕರಿಗೆ ಬೆಂಕಿ ಇಡಲು ಬಂದಿದ್ದರು ಅಂತ ಪೊಲೀಸರು ಕಥೆ ಕಟ್ಟಿದರು. ಆ ಕಥೆಯ ಸುಳ್ಳನ್ನು ಈ ಚಿತ್ರ ಬಿಚ್ಚಿ ತೋರಿಸುತ್ತದೆ. ಗುಂಡಿಗೆ ಹೊಣೆಯಾದ ಅಧಿಕಾರಿಗೆ 2009ರಲ್ಲಿ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಆತ ಬೇಲಿನ ಮೇಲೆ ಹೊರಗೆ ಬಂದ.

ಆ ಗುಂಡೇಟಾದ ಕೆಲವೇ ದಿನಕ್ಕೆ ವಿಲಾಸ್ ಘೋಗ್ರೆ ಎಂಬ ಹಾಡುಗಾರ ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡು ತನ್ನ ಗುಡಿಸಲಲ್ಲಿ ನೇಣು ಹಾಕಿಕೊಂಡ. ಎಡಪಂಥದ ತಂಡದಲ್ಲಿ ವರ್ಷಗಟ್ಟಲೆ ಹಾಡಿ, ಕೊನೆಗೆ ಆ ತಂಡದಿಂದಲೇ ಹೊರಗಾದವನು. ಪಟವರ್ಧನ್ 1985ರಲ್ಲಿ ಕೊಳೆಗೇರಿ ಜನರ ಮೇಲೆ ಮಾಡಿದ ಚಿತ್ರದಲ್ಲಿ ಇದೇ ವಿಲಾಸ್ ಹಾಡಿದ್ದ. ಪರಿಚಯದವನು ಯಾಕೆ ಸತ್ತ ಅಂತ ಕೇಳಿಕೊಂಡು ಹೊರಟ ಕ್ಯಾಮರಾ ಹದಿನಾಲ್ಕು ವರ್ಷ ಕೇರಿಯಿಂದ ಕೇರಿಗೆ ಅಲೆಯಿತು. ಶಾಹಿರ ಸಂಭಾಜಿ ಭಗತ್ ಸಿಕ್ಕರು. ಕಬೀರ್ ಕಲಾ ಮಂಚ್‌ನ ಹುಡುಗ ಹುಡುಗಿಯರು ಸಿಕ್ಕರು.

ಇಂಥ ಚಿತ್ರಕ್ಕೆ ಸರ್ಕಾರ ದುಡ್ಡು ಕೊಟ್ಟು ಮಾಡಿಸುತ್ತದೆಯೆ? ಕೊಟ್ಟರೂ ಏನು ಮಾಡಿಸುತ್ತದೆ ಅನ್ನೋದು ನಮಗೆ ಗೊತ್ತು. ಒಮ್ಮೆ ಜಿಲ್ಲಾ ಉತ್ಸವಕ್ಕೆ ಅಂತ ನಮ್ಮ ತಂಡವನ್ನು ಕರೆಸಿದ್ದರು. ಬೆಳಗಿನಿಂದ ಬಿಸಿಲಲ್ಲಿ ಕೂರಿಸಿದರು. ಸಂಜೆ ಮಂತ್ರಿ ಕಾರು ಬಂದಾಗ ಹತ್ತು ನಿಮಿಷ ಬಡಿಸಿದರು. ವಿಡಿಯೋದವನು ಕೈ ಹಿಡಿದ, ಕಾಲು ಹಿಡಿದ, ತಮಟೆ ಹಿಡಿದ. ಮುಖ ಹಿಡಿಯಲಿಲ್ಲ. ಕೆಳಗೆ 'ಜಾನಪದ ವೈಭವ' ಅಂತ ಬರೆದರು. ಬಡಿದವನ ಸಂಭಾವನೆ ಆರು ತಿಂಗಳಾದ ಮೇಲೆ ಬಂತು, ಅದೂ ಅರ್ಧ. ವೈಭವ ಯಾರದು, ಹಸಿವು ಯಾರದು?

ಕಥಾಚಿತ್ರದ ಮಾತೂ ಅಷ್ಟೆ. 1975ರಲ್ಲಿ 'ಚೋಮನ ದುಡಿ' ಬಂತು. ಒಳ್ಳೆಯ ಚಿತ್ರ, ಇಲ್ಲ ಅನ್ನೋದಿಲ್ಲ. ಚೋಮನಾದ ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ದುಡಿಯನ್ನೇ ನಂಬಿ ಬದುಕಿದ ನಿಜವಾದ ಚೋಮಂದಿರ ಕಡೆಗೆ ತಿರುಗಿದ ಕ್ಯಾಮರಾ ಎಷ್ಟು? 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಒಬ್ಬರಿಗೆ ಪದ್ಮಶ್ರೀ ಬರುವ ಹೊತ್ತಿಗೆ ಹೆಸರಿಲ್ಲದೆ ಮಣ್ಣಾದವರು ಎಷ್ಟು ಮಂದಿ ಅಂತ ಲೆಕ್ಕ ಇಟ್ಟವರು ಯಾರು?

ಆಟದ ವಿಷಯಕ್ಕೆ ಬನ್ನಿ. ಪಾಲ್ವಂಕರ್ ಬಾಲೂ ಅನ್ನೋರು ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಚಮ್ಮಾರ ಜಾತಿ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಪಿಚ್ ನೋಡಿಕೊಳ್ಳುತ್ತಾ ಬೌಲಿಂಗ್ ಕಲಿತರು. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೆ ಪುಣೆಯಲ್ಲಿ ಸ್ವಂತ ತಂಡದವರೇ ಇವರಿಗೆ ಹೊರಗೆ ಕೂರಿಸಿ ಬೇರೆ ಮಣ್ಣಿನ ಲೋಟದಲ್ಲಿ ಚಹಾ ಕೊಟ್ಟರು. ಅವರ ಕೈಯಿಂದ ಚೆಂಡು ಹೇಗೆ ತಿರುಗುತ್ತಿತ್ತು ಅನ್ನೋದನ್ನು ಇವತ್ತು ನಾವು ಪುಸ್ತಕದಲ್ಲಿ ಓದಿ ಊಹಿಸಿಕೊಳ್ಳಬೇಕು. ನೋಡುವ ಭಾಗ್ಯ ನಮಗಿಲ್ಲ.

ಅಮೆರಿಕದ ಕಪ್ಪು ಹುಡುಗರಿಗೆ ಅಷ್ಟಾದರೂ ಸಿಕ್ಕಿತು. 'ಹೂಪ್ ಡ್ರೀಮ್ಸ್' ಅಂತ 1994ರ ಚಿತ್ರ. ಶಿಕಾಗೋದ ಬಡ ಕೇರಿಯ ಇಬ್ಬರು ಹುಡುಗರು, ಆರ್ಥರ್ ಏಜೀ ಮತ್ತು ವಿಲಿಯಂ ಗೇಟ್ಸ್. ಬ್ಯಾಸ್ಕೆಟ್‌ಬಾಲ್ ಆಡಿ ಉದ್ಧಾರವಾಗುವ ಕನಸು. ಅರ್ಧ ಗಂಟೆಯ ಚಿತ್ರ ಮಾಡೋಣ ಅಂತ ಹೊರಟವರು ಸುಮಾರು ಐದು ವರ್ಷ ಹಿಂದೆ ಬಿದ್ದು 250 ಗಂಟೆ ತೆಗೆದರು. ಆಟ ನೋಡಿ ಸೇರಿಸಿಕೊಂಡ ಶ್ರೀಮಂತ ಶಾಲೆ, ಫೀಸು ಬಾಕಿಯಾದಾಗ ಆರ್ಥರನನ್ನು ವರ್ಷದ ನಡುವೆಯೇ ಹೊರಗೆ ಹಾಕುತ್ತದೆ. ಮನೆಯ ಕರೆಂಟು ಕಿತ್ತುಹಾಕುತ್ತಾರೆ. ಕತ್ತಲಲ್ಲಿ ಕೂತ ಅವನ ತಾಯಿ ಮುಂದೆ ನರ್ಸಿಂಗ್ ಸಹಾಯಕಿಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದು ಅಳುತ್ತಾಳೆ. ಚೆಂಡು ಬುಟ್ಟಿಗೆ ಬಿದ್ದದ್ದಕ್ಕಿಂತ ಆ ಅಳು ನನಗೆ ದೊಡ್ಡ ಗೆಲುವಾಗಿ ಕಂಡಿತು. ಟಿವಿಯವರು ಸ್ಕೋರು ತೋರಿಸ್ತಾರೆ, ಕರೆಂಟು ಹೋದ ಮನೆ ತೋರಿಸ್ತಾರಾ? ಆ ವರ್ಷ ಆಸ್ಕರಿನವರು ಇದನ್ನು ಅತ್ಯುತ್ತಮ ಸಾಕ್ಷ್ಯಚಿತ್ರದ ಸ್ಪರ್ಧೆಗೇ ಸೇರಿಸಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಸಭೆಯಲ್ಲೂ ಎದ್ದಿತು. ಹೂಪ್ ಡ್ರೀಮ್ಸ್ ಮಾಡಿದವರು ಬಿಳಿಯರು. ಪಟವರ್ಧನ್ ಮೇಲ್ಜಾತಿಯವರು. ನಮ್ಮ ನೋವು ನಮಗೆ, ಹೆಸರು ಅವರಿಗಾ? ಕೇಳಬೇಕಾದ ಪ್ರಶ್ನೆಯೇ. ಆದರೆ ನನಗೆ ಅನ್ನಿಸಿದ್ದು ಹೇಳ್ತೀನಿ. ಬಂದು ಅರ್ಧ ದಿನದಲ್ಲಿ ಬಾಚಿಕೊಂಡು ಹೋಗೋನು ಬೇರೆ, ಹದಿನಾಲ್ಕು ವರ್ಷ ಕಾದು ನಮ್ಮ ಹಾಡನ್ನು ತುಂಡು ಮಾಡದೆ ಕೇಳಿಸಿಕೊಂಡೋನು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಹಾಗಂತ ಇನ್ನೊಬ್ಬ ಒಳ್ಳೆಯವನು ಬಂದಾನು ಅಂತ ಕಾಯುತ್ತಾ ಕೂರುವುದು ಗುಲಾಮಗಿರಿಯ ಇನ್ನೊಂದು ವೇಷ. ಬೇರೆಯವರು ಎಷ್ಟು ಪ್ರೀತಿಯಿಂದ ತೆಗೆದರೂ ಎಲ್ಲಿ ಕತ್ತರಿಸಬೇಕು ಅನ್ನುವ ಕತ್ತರಿ ಅವರ ಕೈಯಲ್ಲೇ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಕಬೀರ್ ಕಲಾ ಮಂಚ್‌ನ ಶೀತಲ್ ಸಾಠೆ 2013ರಲ್ಲಿ ತುಂಬು ಗರ್ಭಿಣಿಯಾಗಿ ಜೈಲಿಗೆ ಹೋಗಬೇಕಾಯಿತು. 2020ರಲ್ಲಿ ಅದೇ ತಂಡದ ಮತ್ತೆ ಮೂವರನ್ನು ಬಂಧಿಸಿದರು. ಹಾಡಿದವರಿಗೆ ಈ ದೇಶ ಜೈಲು ಕೊಟ್ಟಿದೆ. ಹಾಗಾಗಿ ಯಾರ ಮುಖ ತೋರಿಸಬೇಕು, ಯಾರದು ಬೇಡ ಅನ್ನುವುದನ್ನು ಹಾಡುವವರನ್ನೇ ಕೇಳಿ ತೀರ್ಮಾನಿಸಬೇಕು.

ಇವತ್ತು ನಮ್ಮ ಹುಡುಗರ ಜೇಬಲ್ಲೆಲ್ಲ ಕ್ಯಾಮರಾ ಇದೆ. ಮದುವೆ ಕುಣಿತ ಅರ್ಧ ನಿಮಿಷ ಹಿಡಿದು ಹಂಚಿಬಿಡ್ತಾರೆ. ನಾಳೆ ಅದು ಎಲ್ಲೂ ಇರುವುದಿಲ್ಲ. ನಾನು ಕೇಳುವುದು ಇಷ್ಟೆ. ಹಾಡಲಿ, ಕಬಡ್ಡಿಯಾಡಲಿ, ನಾಟಕದಲ್ಲಿ ಜನರನ್ನು ನಗಿಸಲಿ, ಮೊದಲು ಅವರ ಹೆಸರು, ಊರು, ಯಾರಿಂದ ಕಲಿತರು, ದಿನಕ್ಕೆ ಕೂಲಿ ಎಷ್ಟು ಅಂತ ಕೇಳಿ. ಹಾಡನ್ನು ಪೂರ್ತಿ ಹಿಡಿಯಿರಿ. ವರ್ಷ ಬಿಟ್ಟು ಮತ್ತೆ ಅವರ ಮನೆಗೆ ಹೋಗಿ, ಮಗಳು ಶಾಲೆಗೆ ಹೋಗ್ತಿದ್ದಾಳಾ ನೋಡಿ. ತಾರೀಖು ಬರೆದಿಡಿ. ಮಾಡಿದ ಚಿತ್ರವನ್ನು ಮೊದಲು ಅವರ ಕೇರಿಯಲ್ಲೇ ತೋರಿಸಿ, ಒಂದು ಪ್ರತಿ ಅವರ ಮನೆಯಲ್ಲಿಡಿ. ಇದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ಪಂಚೆ ನಮ್ಮ ಹತ್ತಿರ ಇದೆ, ಗೋಡೆ ಇದೆ.

ಮುಂದಿನ ಭಾನುವಾರ ದೊಡ್ಡಪ್ಪನ ಮನೆಯಿಂದಲೇ ಶುರು ಮಾಡೋಣ ಅಂತ ಮಾತಾಗಿದೆ. ಸಂಜೆ ಬೆಂಕಿ ಹಾಕಿ ತಮಟೆ ಕಾಯಿಸುವ ಹೊತ್ತಿಗೆ ಬನ್ನಿ. ಮೊದಲ ಪ್ರಶ್ನೆ ನಾನೇ ಕೇಳುತ್ತೇನೆ: ದೊಡ್ಡಪ್ಪ, ನಿಮ್ಮ ಪೂರ್ತಿ ಹೆಸರೇನು?

ಜೈ ಭೀಮ್.