ರಕ್ತದ ಕಾಯಿಲೆಗಿಂತ ಮೌನವೇ ಭಾರ: ಸಂಘಗಳ ಅಂಗಳದಲ್ಲಿ ಎರಡು ದಿನದ ಶಿಬಿರವಾಗಲಿ

ಮುಂಬಯಿ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕ ಕಾರ್ಯಕ್ರಮಗಳಲ್ಲಿ ಆರೋಗ್ಯಕ್ಕೆ ಒಂದು ಸ್ಥಾನ ಇದ್ದೇ ಇದೆ. ರಕ್ತದಾನ ಶಿಬಿರ, ನೇತ್ರ ತಪಾಸಣೆ, ಮಧುಮೇಹ ತಪಾಸಣೆಗಳನ್ನು ಮಹಿಳಾ ವಿಭಾಗ, ಯುವ ವಿಭಾಗಗಳು ವರ್ಷಂಪ್ರತಿ ನಡೆಸುತ್ತಾ ಬಂದಿರುವುದು ಶ್ಲಾಘನೀಯ. ಆದರೆ ಇವೆಲ್ಲ ಬೆಳಿಗ್ಗೆ ದೀಪ ಬೆಳಗಿಸಿ ಮಧ್ಯಾಹ್ನದ ಊಟಕ್ಕೆ ಮುಗಿಯುವ ಶಿಬಿರಗಳು. ತಪಾಸಣೆಗಿಂತ ಹೆಚ್ಚಾಗಿ ಜೊತೆಗಾರರು ಬೇಕಾದ ಕಾಯಿಲೆಗಳೂ ಇವೆ. ಕನ್ನಡದಲ್ಲಿ ಕುಸುಮ ರೋಗ ಎಂದು ಕರೆಯಲ್ಪಡುವ ಹಿಮೋಫಿಲಿಯಾ ಅಂಥದ್ದೊಂದು. ಈ ಕಾಯಿಲೆ ಇರುವ ಮಕ್ಕಳಿಗಾಗಿ, ಹೆತ್ತವರು ಹಾಗೂ ಒಡಹುಟ್ಟಿದವರ ಸಮೇತ, ಶನಿವಾರ-ಭಾನುವಾರದ ಕುಟುಂಬ ಶಿಬಿರವೊಂದನ್ನು ಕನ್ನಡ ಸಂಘಗಳು ಕೂಡಿ ನಡೆಸಬೇಕಾದ ಅಗತ್ಯವಿದೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಲ್ಲಿ ಒಂದರ ಕೊರತೆಯೇ ಹಿಮೋಫಿಲಿಯಾ. ಫ್ಯಾಕ್ಟರ್ 8 ಕಡಿಮೆಯಿದ್ದರೆ ಎ ಬಗೆ, ಫ್ಯಾಕ್ಟರ್ 9 ಕಡಿಮೆಯಿದ್ದರೆ ಬಿ ಬಗೆ. ಸಣ್ಣ ಗಾಯವಾದರೂ ರಕ್ತ ಹರಿದು ಮಗು ಸಾಯುತ್ತದೆ ಎಂಬ ನಂಬಿಕೆ ಸರಿಯಲ್ಲ. ರಕ್ತ ಬೇರೆಯವರಿಗಿಂತ ವೇಗವಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ, ಅಷ್ಟೆ. ನಿಜವಾದ ಅಪಾಯ ಹೊರಗೆ ಕಾಣದ ರಕ್ತಸ್ರಾವದ್ದು. ಮೊಣಕಾಲು, ಮೊಣಕೈ, ಹರಡಿನ ಗಂಟುಗಳೊಳಗೆ ಮತ್ತೆ ಮತ್ತೆ ರಕ್ತ ತುಂಬಿದರೆ ಕೀಲು ಸವೆದು, ಹುಡುಗ ಹದಿಹರೆಯಕ್ಕೆ ಬರುವಷ್ಟರಲ್ಲಿ ಕುಂಟಬೇಕಾಗುತ್ತದೆ. ತಲೆಯೊಳಗಿನ ರಕ್ತಸ್ರಾವ ಪ್ರಾಣಕ್ಕೇ ಕುತ್ತು. ಕೊರತೆಯ ಫ್ಯಾಕ್ಟರನ್ನು ಸಕಾಲದಲ್ಲಿ ನರಕ್ಕೆ ಚುಚ್ಚುಮದ್ದಾಗಿ ಕೊಟ್ಟರೆ ರಕ್ತ ನಿಲ್ಲುತ್ತದೆ. ಮುಂಚಿತವಾಗಿಯೇ ನಿಯಮಿತವಾಗಿ ಕೊಡುತ್ತಾ ಬಂದರೆ ಕೀಲುಗಳೂ ಉಳಿಯುತ್ತವೆ. ಇಂದು ಎ ಬಗೆಯವರಿಗೆ ಚರ್ಮದಡಿ ಕೊಡುವ ಎಮಿಸಿಜುಮಾಬ್ ಎಂಬ ಔಷಧವೂ ಇದೆ. ಅಂದರೆ ಔಷಧವೇ ಇಲ್ಲದ ಕಾಯಿಲೆ ಇದಲ್ಲ.

ಹಾಗಿದ್ದರೂ ಅನೇಕ ಮನೆಗಳಲ್ಲಿ ಇದು ಬೀರುವಿನೊಳಗಿನ ಗುಟ್ಟಾಗಿಯೇ ಉಳಿಯುತ್ತದೆ. ಕಾರಣ ಮದುವೆ. ಈ ದೋಷವಿರುವ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ರೋಗ ಸಾಮಾನ್ಯವಾಗಿ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ, ತಾಯಿಯ ಕಡೆಯಿಂದ ಹರಿದು ಬರುತ್ತದೆ. ವಾಹಕಳಾದ ತಾಯಿಗೆ ಹುಟ್ಟುವ ಪ್ರತಿಯೊಬ್ಬ ಮಗನಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ; ಪ್ರತಿಯೊಬ್ಬ ಮಗಳೂ ವಾಹಕಳಾಗುವ ಸಾಧ್ಯತೆಯೂ ಅಷ್ಟೇ. ಇಷ್ಟು ಗೊತ್ತಾದ ಕೂಡಲೇ ಮಾತು ಆಸ್ಪತ್ರೆಯಿಂದ ಜಾತಕಕ್ಕೆ ಜಾರುತ್ತದೆ. ಮಗನ ಕಾಯಿಲೆ ತಿಳಿದರೆ ಮಗಳಿಗೆ ಸಂಬಂಧ ಕೂಡಿಬಂದೀತೇ ಎಂಬ ಭಯ ಒಂದೆಡೆ, ಸೊಸೆಯೇ ತಂದ ರೋಗ ಎಂಬ ಚುಚ್ಚುಮಾತು ಇನ್ನೊಂದೆಡೆ. ಶಾಲೆಗೂ ತಿಳಿಸುವುದಿಲ್ಲ, ನೆಂಟರಿಗೂ ತಿಳಿಸುವುದಿಲ್ಲ. ಕಾಲು ಊದಿದಾಗ 'ಉಳುಕಿದೆ' ಎಂದು ಹೇಳಿ ಎಣ್ಣೆ ತಿಕ್ಕಿಸುವುದು, ನೋವಿಗೆ ಆಸ್ಪಿರಿನ್ ಕೊಡುವುದು, ಸ್ನಾಯುವಿಗೆ ಇಂಜೆಕ್ಷನ್ ಹಾಕಿಸುವುದು: ಈ ಮೂರೂ ಹಿಮೋಫಿಲಿಯಾ ಮಗುವಿಗೆ ಕೆಡುಕು. ಮೌನದ ಬೆಲೆಯನ್ನು ಮಗುವಿನ ಮೊಣಕಾಲು ತೆರುತ್ತದೆ.

ಕರಾವಳಿಯಿಂದ ಬಂದ ಕುಟುಂಬಗಳಿಗೆ ಈ ಆನುವಂಶಿಕತೆಯನ್ನು ವಿವರಿಸುವುದು ನಿಜಕ್ಕೂ ಸುಲಭ. ತಾಯಿಯ ಬಳಿಯನ್ನೇ ಹಿಡಿದು, ಸೋದರಮಾವನಿಂದ ಅಳಿಯನಿಗೆ ಲೆಕ್ಕ ಹಾಕುವ ಅಳಿಯಕಟ್ಟನ್ನು ಕಂಡ ಜನರಿವರು. ಹಿಮೋಫಿಲಿಯಾ ಕೂಡ ಹಲವು ಮನೆಗಳಲ್ಲಿ ಸೋದರಮಾವನಲ್ಲಿ ಕಾಣಿಸಿಕೊಂಡು, ಅವನ ಅಕ್ಕ-ತಂಗಿಯರ ಮೂಲಕ ಅಳಿಯನಲ್ಲಿ ಮತ್ತೆ ತಲೆ ಎತ್ತುತ್ತದೆ. ಆದರೆ ಆಸ್ತಿಯ ಲೆಕ್ಕದಲ್ಲಿ ಗೌರವವಾಗಿದ್ದ ತಾಯಿಯ ಕಡೆ, ರೋಗದ ಲೆಕ್ಕ ಬಂದಾಗ ಅಪರಾಧವಾಗುವುದು ಯಾವ ನ್ಯಾಯ? ಸುಮಾರು ಮೂರನೇ ಒಂದು ಭಾಗದ ರೋಗಿಗಳ ಮನೆತನದಲ್ಲಿ ಹಿಂದೆ ಈ ಕಾಯಿಲೆಯೇ ಇರುವುದಿಲ್ಲ. ಜೀನ್‌ನಲ್ಲಿ ಹೊಸದಾಗಿ ಆದ ಬದಲಾವಣೆಯಿಂದಲೂ ಅದು ಬರುತ್ತದೆ. ಯಾವ ತಾಯಿಯೂ ಬೇಕೆಂದು ಕೊಟ್ಟದ್ದಲ್ಲ. ಮೇಲಾಗಿ ವಾಹಕಳಾದ ಹೆಣ್ಣಿಗೇ ಫ್ಯಾಕ್ಟರ್ ಪ್ರಮಾಣ ಕಡಿಮೆಯಿದ್ದು, ಮುಟ್ಟಿನಲ್ಲಿ, ಹೆರಿಗೆಯಲ್ಲಿ ಅತಿ ರಕ್ತಸ್ರಾವ ಆಗುವುದುಂಟು. ಆಕೆಗೂ ತಪಾಸಣೆ ಬೇಕು. ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಂಥ ಕೇಂದ್ರ ಇದೇ ನಗರದಲ್ಲಿರುವಾಗ, ಮಾಹಿತಿ ಇಲ್ಲದೆ ಹೆಣ್ಣುಮಕ್ಕಳು ಹೆದರಿ ಕೂರುವುದು ವಿಷಾದನೀಯ.

ಆಸ್ಪತ್ರೆ ಚುಚ್ಚುಮದ್ದು ಕೊಟ್ಟೀತು, ಆದರೆ ಈ ಮೌನವನ್ನು ಒಡೆಯುವಷ್ಟು ಸಮಯ ವೈದ್ಯರ ಬಳಿ ಇರುವುದಿಲ್ಲ. ಅದಕ್ಕೆ ಎರಡು ದಿನ ಒಂದೇ ಸೂರಿನಡಿ ಉಣ್ಣುವ, ಮಲಗುವ ಶಿಬಿರವೇ ಬೇಕು. ತನ್ನಂತೆಯೇ ಕಾಲಿಗೆ ಮಂಜುಗಡ್ಡೆ ಕಟ್ಟಿಕೊಳ್ಳುವ ಇನ್ನೊಬ್ಬ ಹುಡುಗನನ್ನು ಮಗು ಅಲ್ಲಿ ಮೊದಲ ಬಾರಿಗೆ ಕಾಣಬಹುದು. ರಬ್ಬರಿನ ಕೈಯ ಮೇಲೆ ಅಭ್ಯಾಸ ಮಾಡಿ, ದಾದಿಯ ಎದುರಲ್ಲಿ ತನ್ನ ನರಕ್ಕೆ ತಾನೇ ಮದ್ದು ಕೊಟ್ಟುಕೊಳ್ಳುವುದನ್ನು ದೊಡ್ಡ ಮಕ್ಕಳು ಕಲಿಯಬಹುದು. ಕ್ರಿಕೆಟ್ ಚೆಂಡಿಗೆ ಹೆದರುವ ಹುಡುಗ ಈಜುಕೊಳದಲ್ಲಿ ನಿರಾಳವಾಗಿ ಆಡಬಹುದು. ಈಜು ಕೀಲಿಗೆ ಪೆಟ್ಟಾಗದಂತೆ ಸ್ನಾಯುವನ್ನು ಬಲಪಡಿಸುತ್ತದೆ. ತಮ್ಮನ ಕಾಯಿಲೆಯಿಂದಾಗಿ ಮನೆಯಲ್ಲಿ ಎರಡನೆಯವಳಾಗಿ ಬೆಳೆದ ಅಕ್ಕನಿಗೂ ಅಲ್ಲಿ ಮಾತಾಡಲು ಅವಕಾಶ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಾಯಂದಿರು ಪರಸ್ಪರರ ಮುಖ ನೋಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ, ಅಪ್ಪಂದಿರು ಕೂತು ಕೇಳುತ್ತಾರೆ.

ಇದು ಕನಸಿನ ಮಾತಲ್ಲ. ಸ್ವತಃ ರೋಗಿಯಾಗಿದ್ದ ಫ್ರಾಂಕ್ ಶ್ನಾಬೆಲ್ 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಕಟ್ಟಿದರು. ಅವರ ಜನ್ಮದಿನವಾದ ಏಪ್ರಿಲ್ 17 ಅನ್ನು 1989ರಿಂದ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸಲಾಗುತ್ತಿದೆ. ಭಾರತದಲ್ಲಿ ಅಶೋಕ್ ಬಹಾದುರ್ ವರ್ಮಾ ಅವರು 1983ರಲ್ಲಿ ಒಕ್ಕೂಟ ಆರಂಭಿಸಿದರು. ಕರ್ನಾಟಕದ ದಾವಣಗೆರೆಯಲ್ಲಿ ಡಾ. ಸುರೇಶ ಹನಗವಾಡಿ ಅವರು, ತಾವೇ ಈ ಕಾಯಿಲೆಯೊಂದಿಗೆ ಬದುಕುತ್ತಾ ವೈದ್ಯರಾಗಿ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ಸಾವಿರಾರು ರೋಗಿಗಳಿಗೆ ಆಸರೆಯಾಗಿದ್ದಾರೆ. ಇಂಥವರ ಅನುಭವವನ್ನು ಕನ್ನಡದಲ್ಲೇ ಕೇಳುವ ಭಾಗ್ಯ ಮುಂಬಯಿಯ ಕುಟುಂಬಗಳಿಗೂ ಸಿಗಬೇಡವೇ?

'ನಮ್ಮ ಸಮಾಜದಲ್ಲಿ ಅಂಥ ಮಕ್ಕಳಿಲ್ಲ' ಎಂಬ ಉತ್ತರ ಕೆಲವು ಪದಾಧಿಕಾರಿಗಳಿಂದ ಬರಬಹುದು. ಸುಮಾರು 5,000 ಗಂಡು ಶಿಶುಗಳಲ್ಲಿ ಒಂದಕ್ಕೆ ಬರುವ ಕಾಯಿಲೆಯಿದು. ಒಂದೊಂದು ಜಾತೀಯ ಸಂಘಟನೆಯ ಸದಸ್ಯರ ಪಟ್ಟಿಯಲ್ಲಿ ಹುಡುಕಿದರೆ ಒಂದೋ ಎರಡೋ ಮಕ್ಕಳು ಸಿಕ್ಕಾರು. ಅವರೂ ಗುಟ್ಟಾಗಿಯೇ ಉಳಿದಾರು. ಆದ್ದರಿಂದಲೇ ಇದು ಒಂದು ಸಂಘದ ಕೆಲಸವಲ್ಲ. ಡೊಂಬಿವಲಿ, ವಸಾಯಿ, ನವಿ ಮುಂಬಯಿ, ಪುಣೆಯ ಸಂಘಗಳೆಲ್ಲ ಜಾತಿ, ಪ್ರಾಂತ್ಯದ ಗೆರೆ ಮರೆತು ಒಂದಾದರೆ ಮಾತ್ರ ಶಿಬಿರಕ್ಕೆ ಸಾಕಾಗುವಷ್ಟು ಕುಟುಂಬಗಳು ಸೇರಿಯಾವು. ಕನ್ನಡ ಮಾತಾಡುವ ನೆರೆಯ ಮರಾಠಿ ಮಗುವಿಗೂ ಅಲ್ಲಿ ಜಾಗವಿರಲಿ.

'ಶಿಬಿರದಲ್ಲೇ ಪೆಟ್ಟಾದರೆ ಹೊಣೆ ಯಾರು' ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸಿದ್ಧತೆಯೇ ಉತ್ತರ. ಹಿಮೋಫಿಲಿಯಾ ಸಂಘಟನೆಯ ಮಾರ್ಗದರ್ಶನ, ಇಡೀ ಎರಡು ದಿನ ಜೊತೆಗಿರುವ ವೈದ್ಯ, ದಾದಿ, ಫಿಸಿಯೋಥೆರಪಿಸ್ಟ್, ಫ್ರಿಜ್ಜಿನಲ್ಲಿ ಫ್ಯಾಕ್ಟರ್, ಬಾಗಿಲಲ್ಲಿ ವಾಹನ, ಹತ್ತಿರದಲ್ಲಿ ಫ್ಯಾಕ್ಟರ್ ಸಿಗುವ ಆಸ್ಪತ್ರೆ: ಇಷ್ಟಿಲ್ಲದೆ ಶಿಬಿರ ನಡೆಸಲೇಬಾರದು. ಉಳಿದದ್ದು ಸಂಘಗಳಿಗೆ ಕಷ್ಟವಲ್ಲ. ಸ್ವಂತ ಭವನಗಳಿವೆ, ಊಟೋಪಚಾರ ನೋಡಿಕೊಳ್ಳುವ ಹೊಟೇಲು ಉದ್ಯಮಿಗಳಿದ್ದಾರೆ, ವೈದ್ಯ ಸದಸ್ಯರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾ ಸೇರಿದೆ. ಪ್ರಮಾಣಪತ್ರದ ಅರ್ಜಿ ತುಂಬಿಕೊಡಲು ವಕೀಲ ಸದಸ್ಯರು ಒಂದು ಮೇಜು ಹಾಕಿ ಕುಳಿತರೆ ಅದೇ ದೊಡ್ಡ ಸೇವೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಇದು ಶಾಲು ಹೊದಿಸುವ ಶಿಬಿರವಾಗಬಾರದು. ಮಕ್ಕಳನ್ನು ವೇದಿಕೆಗೆ ಕರೆದು, ದಾನಿಗಳ ನಡುವೆ ನಿಲ್ಲಿಸಿ ಫೋಟೋ ತೆಗೆಸಿದರೆ, ಆ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಊರು ಸುತ್ತಿದರೆ, ಮುಂದಿನ ವರ್ಷ ಒಂದು ಕುಟುಂಬವೂ ಬಾರದು. ಬ್ಯಾನರಿಲ್ಲದ, ಭಾಷಣವಿಲ್ಲದ, ಹೆಸರು ಹೊರಬೀಳದ ಒಂದು ಕಾರ್ಯಕ್ರಮವನ್ನಾದರೂ ಸಂಘಗಳು ವರ್ಷಕ್ಕೊಮ್ಮೆ ಮಾಡಬೇಕು.

ಗಂಡು-ಹೆಣ್ಣಿನ ಸಂಬಂಧಗಳು ಕುದುರುವುದು ಇದೇ ಸಂಘಗಳ ಸಭಾಂಗಣಗಳಲ್ಲಿ. ಯಾವ ಮನೆಯ ಹೆಣ್ಣು ಬೇಡ ಎಂಬ ಪಿಸುಮಾತು ಹುಟ್ಟುವುದೂ ಅಲ್ಲಿಯೇ. ಆ ಪಿಸುಮಾತನ್ನು ನಿಲ್ಲಿಸುವ ಶಕ್ತಿ ಇರುವುದೂ ಆ ಹಿರಿಯರಿಗೇ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಈ ಶಿಬಿರ ಒಂದು ವಿಷಯವಾಗಿ ಸೇರಲಿ.