ಸವೆಯದ ಯಂತ್ರಕ್ಕೆ ಬಂದ ಮುಪ್ಪು

ನೇಗಿಲ ಕುಡ ಮೊಂಡಾದರೆ ಕಮ್ಮಾರನ ಕುಲುಮೆಗೆ ಒಯ್ದು ಹಣಿಸಿ ತರುವುದು ನಮ್ಮ ಹಿರಿಯರ ರೂಢಿ. ಸವೆದುದಕ್ಕೆ ದುರಸ್ತಿ, ಮುರಿದುದಕ್ಕೆ ಬದಲಿ. ಇದು ಎಲ್ಲರೂ ಒಪ್ಪಿದ ನ್ಯಾಯ. ಆದರೆ ಸವೆಯದೆ, ಮುರಿಯದೆ, ನಿನ್ನೆಯಂತೆಯೇ ಇಂದೂ ದುಡಿಯುತ್ತಿರುವ ಯಂತ್ರವನ್ನು ಮುದಿಯೆಂದು ಸಾರಿದರೆ, ಹಣ ತೆತ್ತು ಕೊಂಡವರು ಏನು ಮಾಡಬೇಕು? ಈ ತಿಂಗಳು ಆ ಪ್ರಶ್ನೆಯನ್ನು ವಿಚಾರಿಸಬಯಸುತ್ತೇವೆ.

ಅನೇಕ ಮನೆಗಳ ಕಂಪ್ಯೂಟರುಗಳನ್ನು ನಡೆಸುವ ವಿಂಡೋಸ್ 10 ಎಂಬ ತಂತ್ರಾಂಶವನ್ನು ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜುಲೈ 29ರಂದು ಹೊರತಂದಿತು. 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಅಂದು ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ನಿಂತುದು ತಿಂಗಳು ತಿಂಗಳು ಬರುತ್ತಿದ್ದ ಭದ್ರತೆಯ ತಿದ್ದುಪಡಿ. ತಂತ್ರಾಂಶದಲ್ಲಿ ಹೊಸ ಲೋಪಗಳು ಆಗಾಗ ಬೆಳಕಿಗೆ ಬರುತ್ತವೆ. ಅವುಗಳನ್ನು ಮುಚ್ಚದ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದೆಂದರೆ ಅಗುಳಿ ಕಳಚಿದ ಬಾಗಿಲ ಮನೆಯಲ್ಲಿ ಒಡವೆ ಇಟ್ಟಂತೆ.

ಹಾಗಾದರೆ 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ಕ್ಕೆ ಹೋಗಬಾರದೇಕೆ? ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಸಂಸ್ಕಾರಕವಾದರೆ, ಕೆಲವು ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆಯದು ಅಥವಾ ಅದರ ಮುಂದಿನದು ಇರಬೇಕು. ಗುಪ್ತ ಕೀಲಿಗಳನ್ನು ಯಂತ್ರದೊಳಗೇ ಕಾಯುವುದು ಹೆಚ್ಚು ಸುರಕ್ಷಿತವೆಂಬುದು ಸಂಸ್ಥೆಯ ವಾದ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ 2017ರಲ್ಲಿ ಮಕ್ಕಳ ಓದಿಗೆಂದು ಏಳನೆಯ ಪೀಳಿಗೆಯ ಕಂಪ್ಯೂಟರನ್ನು ಕೊಂಡ ತಂದೆಯನ್ನು ನೆನೆಯಿರಿ. ಹಳೆಯ ತಂತ್ರಾಂಶದ ಗಡುವು ಪ್ರಕಟವಾಗಿತ್ತು, ನಿಜ. ಮುಂದಿನ ತಂತ್ರಾಂಶದ ಬಾಗಿಲು ತನ್ನ ಯಂತ್ರಕ್ಕೆ ಮುಚ್ಚುವುದೆಂದು ಆತನು ಹೇಗೆ ತಿಳಿಯಬೇಕಿತ್ತು? ಆ ನಿಯಮ ಹುಟ್ಟಿದ್ದೇ ನಾಲ್ಕು ವರ್ಷಗಳ ಬಳಿಕ. ನಮ್ಮ ಆಕ್ಷೇಪ ಇರುವುದು ಇಲ್ಲಿ.

ಗಡುವನ್ನು ಮುಂದೂಡುವುದು ಅಸಾಧ್ಯವೂ ಆಗಿರಲಿಲ್ಲ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿ ನೀಡುವ ಹೆಚ್ಚುವರಿ ಯೋಜನೆಯನ್ನು ಆ ಸಂಸ್ಥೆಯೇ 2025ರಲ್ಲಿ ತಂದಿತು. ಯುರೋಪಿನ ಒಕ್ಕೂಟವಂತೂ ಮೊಬೈಲು, ಟ್ಯಾಬ್ಲೆಟ್ಟುಗಳ ವಿಷಯದಲ್ಲಿ, ಒಂದು ಮಾದರಿಯ ಕೊನೆಯ ಉಪಕರಣ ಮಾರುಕಟ್ಟೆಗೆ ಬಂದ ಮೇಲೂ ಐದು ವರ್ಷ ತಿದ್ದುಪಡಿ ದೊರೆಯಬೇಕೆಂಬ ನಿಯಮವನ್ನು 2025ರ ಜೂನ್ 20ರಿಂದ ಜಾರಿಗೆ ತಂದಿದೆ. ಕಂಪ್ಯೂಟರಿಗೂ ಇಂತಹ ಕಟ್ಟಳೆ ಏಕೆ ಬೇಡ? ವಿಶ್ವಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದು ನೂರಕ್ಕೆ 22.3 ಭಾಗ ಮಾತ್ರ. ದುಡಿಯಬಲ್ಲ ಯಂತ್ರಗಳನ್ನೂ ಆ ರಾಶಿಗೆ ಸೇರಿಸುವುದು ವಿವೇಕವೇ?

ಆದುದರಿಂದ ಓದುಗ ಬಂಧುಗಳು ಅವಸರದಿಂದ ಕಂಪ್ಯೂಟರನ್ನು ಗುಜರಿಗೆ ಹಾಕಬಾರದು. ಮೊದಲು ಮುಖ್ಯ ಕಡತಗಳನ್ನೂ ಛಾಯಾಚಿತ್ರಗಳನ್ನೂ ಬೇರೆಡೆ ಪ್ರತಿ ಮಾಡಿಟ್ಟುಕೊಳ್ಳಿರಿ. ಬಳಿಕ, ಬಲ್ಲವರ ನೆರವಿನಿಂದ, ಉಚಿತವಾಗಿ ದೊರೆಯುವ ಲಿನಕ್ಸ್ ತಂತ್ರಾಂಶವನ್ನು ಹಾಕಿಸಿ ನೋಡಿರಿ. ಹಲವು ಹಳೆಯ ಯಂತ್ರಗಳು ಅದರಿಂದ ಸುಗಮವಾಗಿ ನಡೆಯುತ್ತವೆ, ಕನ್ನಡವನ್ನೂ ಬರೆಯಬಹುದು. ಅದಾಗದಿದ್ದರೆ ಅಂತರ್ಜಾಲದ ಸಂಪರ್ಕ ತಪ್ಪಿಸಿ ಮಕ್ಕಳ ಬರವಣಿಗೆಗೆ ಬಳಸಿರಿ.

ಹೊಸದನ್ನು ಕೊಳ್ಳುವ ದಿನ ಬೆಲೆಯನ್ನಷ್ಟೇ ಕೇಳಬೇಡಿರಿ. ಎಷ್ಟು ವರ್ಷ ತಿದ್ದುಪಡಿ ಬರುವುದೆಂದೂ ಕೇಳಿರಿ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಉತ್ತರ ಹೇಳಲೇಬೇಕಾಗುತ್ತದೆ.