ಸೂಳಗಿರಿ ಗೇಟಿನ ಮುಂದೆ ಕಾದ ರಾತ್ರಿಯ ಬಾಕಿ ಲೆಕ್ಕ



ಮೊನ್ನೆ ಡಿಸೆಂಬರ್ 13, ಎರಡನೇ ಶನಿವಾರ. ಬ್ಯಾಂಕಿಗೆ ರಜೆ. ಸೂಳಗಿರಿ ಬಸ್ ಸ್ಟ್ಯಾಂಡ್ ಹತ್ರ ಟೀ ಅಂಗಡೀಲಿ ನಾವು ನಾಲ್ಕೈದು ಜನ ಮೊಬೈಲ್ ಹಿಡಿದು ಕೂತಿದ್ವಿ. ಕೇರಳದ ಸ್ಥಳೀಯ ಸಂಸ್ಥೆಗಳ ಎಣಿಕೆ ನಡೀತಿತ್ತು. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆಯ ಫಲಿತಾಂಶ ಒಂದೊಂದಾಗಿ ಬರ್ತಾ ಇತ್ತು. ಕಾಸರಗೋಡಿನ ಕನ್ನಡಿಗರು ಯಾರು ಗೆದ್ದರು, ಯಾರು ಸೋತರು ಅಂತ ನಮಗೆ ನಮ್ಮ ಮನೆ ವಿಷಯದಷ್ಟೇ ಆತುರ.

ಆಗ ಟೀ ಕೊಡೋ ಹುಡುಗ ಕೇಳಿದ: "ಅಣ್ಣಾ, ನಮ್ದು ಯಾವಾಗ?"

ಯಾರ ಹತ್ರಾನೂ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಗೆ.

ನಮ್ಮದು ಕೊನೇ ಸಲ ಎಣಿಸಿದ್ದು 2020ರ ಜನವರಿ 2ಕ್ಕೆ. 2019ರ ಡಿಸೆಂಬರ್ 27 ಮತ್ತು 30ಕ್ಕೆ ಎರಡು ಹಂತದಲ್ಲಿ ಮತದಾನ, ಗುರುವಾರ ಬೆಳಗ್ಗೆ ಎಂಟಕ್ಕೆ ಎಣಿಕೆ ಶುರು. ನಮ್ಮಲ್ಲಿ ಅರ್ಧ ಜನ ಆ ರಾತ್ರಿ ಪೂರ್ತಿ ಎಣಿಕೆ ಕೇಂದ್ರದ ಗೇಟಿನ ಹೊರಗೇ ಇದ್ದೆವು. ಜನವರಿ ಚಳಿ. ಯಾರೋ ಹಳೇ ಟೈರು, ಸೌದೆ ತಂದು ಬೆಂಕಿ ಹಾಕಿದ್ದರು. ಹೆದ್ದಾರೀಲಿ ಲಾರಿಗಳ ಸದ್ದು. ಮಂಡಿಗೆ ಕೊತ್ತಂಬರಿ ಸೊಪ್ಪು ತರೋ ಗಾಡಿಗಳು ಬರೋ ಹೊತ್ತಾದರೂ ಕೆಲವು ಹಳ್ಳಿಗಳ ಫಲಿತಾಂಶ ಬಂದಿರಲಿಲ್ಲ.

ಯಾಕೆ ಅಷ್ಟು ತಡ? ಅದು ಮಷೀನ್ ಓಟಲ್ಲ, ಚೀಟಿ ಓಟು. ಒಬ್ಬೊಬ್ಬ ಮತದಾರನಿಗೆ ನಾಲ್ಕು ಚೀಟಿ. ವಾರ್ಡ್ ಮೆಂಬರಿಗೆ ಬಿಳಿ, ಪಂಚಾಯತಿ ಪ್ರೆಸಿಡೆಂಟಿಗೆ ಗುಲಾಬಿ, ಯೂನಿಯನ್ ಕೌನ್ಸಿಲರಿಗೆ ಹಸಿರು, ಜಿಲ್ಲಾ ಕೌನ್ಸಿಲರಿಗೆ ಹಳದಿ. ಪೆಟ್ಟಿಗೆ ಸುರಿದು, ಬಣ್ಣ ಬಣ್ಣ ಬೇರೆ ಮಾಡಿ, ಐವತ್ತೈವತ್ತು ಕಟ್ಟು ಕಟ್ಟಿ, ಆಮೇಲೆ ಎಣಿಸಬೇಕು. ದಿನಾ ನೋಟಿನ ಕಟ್ಟು ಎಣಿಸೋರು ನಮ್ಮಲ್ಲಿದ್ದಾರೆ, ಒಂದು ಕಟ್ಟು ತಾಳೆಯಾಗದಿದ್ರೆ ಮನೆಗೆ ಹೋಗೋಹಾಗಿಲ್ಲ ಅನ್ನೋದು ಅವರಿಗೆ ಗೊತ್ತು. ಒಳಗೆ ಕೂತವರ ಕಷ್ಟ ನಮಗೆ ಅರ್ಥ ಆಯ್ತು. ಅದರ ಮೇಲೆ ದೂರಿಲ್ಲ.

ನಮ್ಮ ದೂರು ಬೇರೆ, ಮೊದಲನೇದು ನಮ್ಮ ಮೇಲೇ ಇದೆ.

ಮೈಕಿನಲ್ಲಿ ತಮಿಳಲ್ಲಿ ಹೆಸರು ಕೂಗೋರು. ಗೇಟಿನ ಹತ್ರ ಇದ್ದವರು ಹಿಂದಿದ್ದವರಿಗೆ ತೆಲುಗಲ್ಲಿ, ಕನ್ನಡದಲ್ಲಿ ಹೇಳೋರು. ಬೆಂಕಿ ಮುಂದೆ ಕಂಬಳಿ ಹೊದ್ದು ಕೂತಿದ್ದ ಒಬ್ಬ ತಾತ ಪ್ರತಿ ಸಲ ಒಂದೇ ಮಾತು ಕೇಳ್ತಿದ್ರು: "ನಮ್ಮೋರು ಗೆದ್ರೇನಪ್ಪಾ?" ಪ್ರತಿ ಸಲ ನಾವೂ ಉತ್ತರ ಕೊಡ್ತಿದ್ವಿ. ಗೆದ್ದರು ತಾತ, ಸೋತರು ತಾತ.

ಆದರೆ "ನಮ್ಮೋರು" ಅಂದ್ರೆ ಯಾರು? ಒಬ್ಬನಿಗೆ ಜಾತಿ. ಒಬ್ಬನಿಗೆ ಪಕ್ಷ. ಒಬ್ಬನಿಗೆ ಸೋದರಮಾವ. ಮನೇಲಿ ಕನ್ನಡ ಆಡೋ ಅಭ್ಯರ್ಥಿ ಗೆದ್ದಾಗ ಪಟಾಕಿ ಹೊಡೆದೆವು, ಹಾರ ಹಾಕಿದೆವು, ಫೋಟೋ ತೆಗೆದು ಸ್ಟೇಟಸ್ ಇಟ್ಟೆವು. ಓಟು ಕೇಳಲು ಬಂದಾಗ ಕನ್ನಡದ ವಿಷಯ ಒಂದು ಮಾತು ಅವರನ್ನ ಕೇಳಿದ್ವಾ? ಇಲ್ಲ. ನೀರಿನ ಪೈಪು ಕೇಳಿದ್ವಿ, ಬೀದಿ ದೀಪ ಕೇಳಿದ್ವಿ. ಕೇಳಬೇಕಾದ್ದೇ. ಕನ್ನಡ ಮಾತ್ರ ನಾಚಿಕೆಯ ವಿಷಯದ ಹಾಗೆ ಬಾಯಿಗೇ ಬರಲಿಲ್ಲ. ಕೇಳದೇ ಇದ್ದದ್ದನ್ನ ಅವರು ಐದು ವರ್ಷ ಮಾಡಲಿಲ್ಲ. ತಪ್ಪು ಅವರದ್ದು ಎಷ್ಟೋ, ನಮ್ಮದೂ ಅಷ್ಟೇ.

ಕೆಲವರು ಹೇಳ್ತಾರೆ, "ಪಂಚಾಯತಿ ಇರೋದು ಚರಂಡಿ, ನೀರು, ರಸ್ತೆಗೆ. ಭಾಷೆಗೂ ಅದಕ್ಕೂ ಏನು ಸಂಬಂಧ?"

ಸಂಬಂಧ ಇದೆ. ಬ್ಯಾಂಕ್ ಕೌಂಟರಿಗೆ ಬರೋ ಅಜ್ಜಿಯರನ್ನ ನೋಡಿ. ಪೆನ್ಷನ್ ಹಣ ತಗೊಂಡ ಮೇಲೆ ಸೆರಗಿನ ಗಂಟಿಂದ ಮಡಚಿದ ಒಂದು ಕಾಗದ ತೆಗೀತಾರೆ. "ಇದ್ರಲ್ಲಿ ಏನ್ ಬರ್ದವ್ರೆ ನೋಡಪ್ಪಾ." ನೋಡಿದರೆ ಅದು ಬ್ಯಾಂಕಿನ ಕಾಗದವೇ ಅಲ್ಲ. ಮನೆ ತೆರಿಗೆಯದ್ದೋ, ಮನೆ ಯೋಜನೆಯದ್ದೋ ಇರುತ್ತೆ. ಎಷ್ಟೋ ಸಲ ಅದರಲ್ಲಿ ಕೊಟ್ಟ ಗಡುವು ಮುಗಿದು ವಾರ ಆಗಿರುತ್ತೆ. ಆ ಅಜ್ಜಿ ಓದು ಬಾರದವರಲ್ಲ. ಅವರ ಕಾಲದಲ್ಲಿ ಕನ್ನಡ ಶಾಲೇಲಿ ನಾಲ್ಕನೇ ಕ್ಲಾಸ್ ಓದಿದ್ದಾರೆ, ಮನೇಲಿ ಕನ್ನಡ ಪಂಚಾಂಗ ಓದ್ತಾರೆ. ಕೈಗೆ ಬಂದ ಕಾಗದ ಓದಲಾಗದೆ ಅವರು ಅನಕ್ಷರಸ್ಥೆ ಆಗಿಬಿಟ್ಟರು. ನೀರು ರಸ್ತೆ ಅಂತೀರಲ್ಲ, ಆ ನೀರಿನ ನೋಟೀಸು ಓದಲಾಗದಿದ್ರೆ ನೀರೂ ಬರಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ತಮಿಳಿನ ಮೇಲೆ ನಮಗೆ ಯಾವ ಕೋಪವೂ ಇಲ್ಲ. ತಮಿಳು ನಮ್ಮ ಅಂಗಡಿಯ ಭಾಷೆ, ಕೆಲಸದ ಭಾಷೆ, ನಮ್ಮ ಮಕ್ಕಳ ಗೆಳೆಯರ ಭಾಷೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಒಂದನೇ ಕ್ಲಾಸಿನಿಂದ ತಮಿಳು ಕಲೀತಿದ್ದಾರೆ, ಚೆನ್ನಾಗಿಯೇ ಕಲೀತಿದ್ದಾರೆ. ಪಕ್ಕದಲ್ಲಿ ಕನ್ನಡಕ್ಕೂ ಒಂದು ಸಾಲು ಜಾಗ ಇರಲಿ ಅನ್ನೋದಷ್ಟೇ ನಮ್ಮ ಬೇಡಿಕೆ. ದೆಹಲಿ ತನ್ನ ಭಾಷೇನ ಹೇರಬಾರದು ಅಂತ ಹೋರಾಡಿದ ರಾಜ್ಯ ಇದು. ನಮ್ಮ ನೋವು ಬೇರೆ ಯಾರಿಗಿಂತ ಮೊದಲು ಇವರಿಗೇ ಅರ್ಥ ಆಗಬೇಕು.

ಈಗ ಕಾಸರಗೋಡಿಗೆ ಬನ್ನಿ. ಅಲ್ಲಿನ ಭಾಷಾ ಅಲ್ಪಸಂಖ್ಯಾತ ವಾರ್ಡುಗಳಲ್ಲಿ ಅಭ್ಯರ್ಥಿಗಳ ಹೆಸರು ಮಲಯಾಳದ ಜೊತೆ ಕನ್ನಡದಲ್ಲೂ ಮುದ್ರಣ ಆಗುತ್ತೆ. ಅದೇ ಕೇರಳದಲ್ಲಿ ತಮಿಳರಿರೋ ವಾರ್ಡುಗಳಲ್ಲಿ ತಮಿಳಲ್ಲೂ ಇರುತ್ತೆ. ಇದರಿಂದ ಕೇರಳ ಒಡೆದುಹೋಯಿತಾ? ಮಲಯಾಳಕ್ಕೆ ಏನಾದರೂ ಕಮ್ಮಿ ಆಯಿತಾ? ಗಡಿಯಾಚೆಯ ತಮಿಳರಿಗೆ ಸಿಕ್ಕ ಗೌರವ ನೋಡಿ ತಮಿಳುನಾಡು ಖುಷಿಪಡೋದಾದರೆ, ಅದೇ ಗೌರವ ಸೂಳಗಿರಿ, ಹೊಸೂರು, ತಳಿ, ಡೆಂಕಣಿಕೋಟೆಯ ಕನ್ನಡಿಗರಿಗೂ ತೆಲುಗರಿಗೂ ಕೊಡಲಿ. 2019ರಲ್ಲಿ ನಮ್ಮ ಕೈಗೆ ಬಂದ ಚೀಟಿಗಳಲ್ಲಿ ಹೆಸರು ಇದ್ದದ್ದು ತಮಿಳಲ್ಲಿ. ನಮ್ಮ ಹಿರಿಯರು ಚಿಹ್ನೆ ನೋಡಿ ಮುದ್ರೆ ಒತ್ತಿ ಬಂದರು. ಎಷ್ಟು ಮುದ್ರೆ ತಪ್ಪು ಜಾಗಕ್ಕೆ ಬಿದ್ದವೋ ದೇವರೇ ಬಲ್ಲ.

ಇದು ಭಿಕ್ಷೆ ಅಲ್ಲ ಬಂಧುಗಳೇ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆದಾಗ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಒಂದು ಜ್ಞಾಪನಾಪತ್ರ ಹೊರಡಿಸಿತು. ಜಿಲ್ಲೆಯಲ್ಲಾಗಲಿ, ತಾಲೂಕು, ಪುರಸಭೆಯಂಥ ಸಣ್ಣ ಪ್ರದೇಶದಲ್ಲಾಗಲಿ ಒಂದು ಭಾಷೆಯ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆ, ನಿಯಮಗಳನ್ನ ಅವರ ಭಾಷೆಯಲ್ಲೂ ಕೊಡಬೇಕು ಅಂತ ಅದರಲ್ಲಿದೆ. ಅದೇ ವರ್ಷ ಸಂವಿಧಾನಕ್ಕೆ 350ಎ, 350ಬಿ ವಿಧಿ ಸೇರಿದವು. ಮೊದಲನೇದು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ, ಎರಡನೇದು ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಗೆ. ಸುಮಾರು ಎಪ್ಪತ್ತು ವರ್ಷದ ಹಳೇ ಬಾಕಿ. ಬ್ಯಾಂಕಲ್ಲಿ ಇಷ್ಟು ವರ್ಷ ಕೇಳದೇ ಬಿಟ್ಟ ಖಾತೆ ಏನಾಗುತ್ತೆ ಗೊತ್ತಲ್ಲ? ನಿಷ್ಕ್ರಿಯ ಖಾತೆ ಅಂತ ಪಟ್ಟಿಗೆ ಸೇರುತ್ತೆ. ಹಣ ಇರುತ್ತೆ, ವಾರಸುದಾರ ಅರ್ಜಿ ಹಿಡ್ಕೊಂಡು ಬರಬೇಕು ಅಷ್ಟೆ.

ಅರ್ಜಿ ಕೊಡೋದು ಎಲ್ಲಿ? ಎಂಎಲ್ಎ ಹತ್ರಾನಾ? ಲಕ್ಷಗಟ್ಟಲೆ ಮತದಾರರಿರೋ ಕ್ಷೇತ್ರದಲ್ಲಿ ನಾವು ಸಾಗರದಲ್ಲಿ ಉಪ್ಪಿನ ಹರಳು. ಆದರೆ ಪಂಚಾಯತಿ ವಾರ್ಡಿನಲ್ಲಿ? ಅಲ್ಲಿ ಕೆಲವೇ ನೂರು ಓಟು. ಆ ರಾತ್ರಿ ಗೇಟಿನ ಮುಂದೆ ನಾವೇ ಕೇಳಿದ್ವಿ, ಬೆರಳೆಣಿಕೆಯ ಓಟಲ್ಲಿ ಗೆದ್ದವರು, ಬೆರಳೆಣಿಕೆಯ ಓಟಲ್ಲಿ ಸೋತು ಅಳ್ತಾ ಹೋದವರು. ಸಮ ಬಂದರೆ ಚೀಟಿ ಎತ್ತಿ ತೀರ್ಮಾನ. ಅಂಥ ಕಡೆ ಒಂದೇ ಬೀದಿಯ ಹತ್ತು ಕನ್ನಡ ಮನೆ ಸೇರಿದರೆ ಸಾಕು, ಪ್ರೆಸಿಡೆಂಟ್ ಆಗೋರು ಮನೆ ಬಾಗಿಲಿಗೆ ಬಂದು ಕೂತು ಮಾತು ಕೇಳ್ತಾರೆ. ನಮ್ಮ ಸಂಖ್ಯೆಗೆ ಬೆಲೆ ಇರೋ ಮನೆ ಈ ದೇಶದಲ್ಲಿ ಅದೊಂದೇ.

ಆ ಮನೆಗೇ ಈಗ ಬೀಗ ಬಿದ್ದಿದೆ.

2020ರಲ್ಲಿ ಗೆದ್ದವರ ಅವಧಿ 2025ರ ಜನವರಿ 5ಕ್ಕೆ ಮುಗೀತು. ಚುನಾವಣೆ ಆಗಲಿಲ್ಲ, ವಿಶೇಷಾಧಿಕಾರಿಗಳು ಬಂದರು. ಇದು ಹೊಸದೂ ಅಲ್ಲ. 2011ರಲ್ಲಿ ಆಯ್ಕೆಯಾದವರ ಅವಧಿ 2016ರ ಅಕ್ಟೋಬರಿಗೆ ಮುಗಿದಾಗಲೂ ಚುನಾವಣೆ ಕೋರ್ಟಿನಲ್ಲಿ ರದ್ದಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳೇ ನಡೆಸಿದರು. ಲೆಕ್ಕ ಹಾಕಿ: ಈ ಒಂಬತ್ತು ವರ್ಷದಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಹಳ್ಳಿಗಳಿಗೆ ಆಯ್ಕೆಯಾದ ಪ್ರೆಸಿಡೆಂಟೇ ಇಲ್ಲ. ಐದು ವರ್ಷ ಮುಗಿಯೋ ಮುಂಚೆ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ಸಾಲದ ಕಂತು ಒಂದು ತಿಂಗಳು ತಡ ಆದ್ರೆ ರೈತನಿಗೆ ನೋಟೀಸು. ಸಂವಿಧಾನದ ಗಡುವು ಹನ್ನೊಂದು ತಿಂಗಳು ದಾಟಿದರೆ ಯಾರಿಗೆ ನೋಟೀಸು?

ಅಧಿಕಾರಿಗಳು ಕೆಟ್ಟವರು ಅಂತ ನಾವು ಹೇಳ್ತಿಲ್ಲ. ಒಳ್ಳೆಯವರೂ ಇದ್ದಾರೆ. ಆದರೆ ಅಧಿಕಾರಿಗೆ ನಮ್ಮ ಓಟು ಬೇಕಿಲ್ಲ. ದೊಡ್ಡ ಗುಂಪಿನವರಿಗೆ ಹೇಗೋ ನಡೆಯುತ್ತೆ, ಅವರಿಗೆ ಪಕ್ಷ ಇದೆ, ಮಂತ್ರಿ ಇದ್ದಾರೆ. ಚುನಾವಣೆ ನಿಂತರೆ ಮೊದಲು ಧ್ವನಿ ಕಳಕೊಳ್ಳೋದು ನಮ್ಮಂಥ ಸಣ್ಣ ಗುಂಪು.

ಹಾಗಾದ್ರೆ ಏನು ಮಾಡೋಣ? ಮುಂದಿನ ಎಣಿಕೆ ರಾತ್ರಿ ಬರೋ ತನಕ ಕೂತು ಕಾಯೋದಾ? ಬೇಡ. ಈಗಲೇ ಮಾಡೋ ನಾಲ್ಕು ಕೆಲಸ ಇದೆ.

ಒಂದು. ಗ್ರಾಮಸಭೆಗೆ ಹೋಗಿ. ಪ್ರೆಸಿಡೆಂಟ್ ಇಲ್ಲದಿದ್ದರೂ ಗ್ರಾಮಸಭೆ ಇದೆ. ಜನವರಿ 26 ಬರ್ತಾ ಇದೆ. "ಚುನಾವಣೆ ಕೂಡಲೇ ನಡೆಸಿ, ನಮ್ಮ ಪಂಚಾಯತಿಯ ನೋಟೀಸು, ಬೋರ್ಡು ಕನ್ನಡದಲ್ಲೂ ಇರಲಿ" ಅಂತ ಎರಡೇ ಸಾಲಿನ ಅರ್ಜಿ ಬರೆದು ನಿರ್ಣಯದ ಪುಸ್ತಕದಲ್ಲಿ ಬರೆಸಿ. ಬಾಯಲ್ಲಿ ಹೇಳಿ ಬರಬೇಡಿ. ಪುಸ್ತಕಕ್ಕೆ ಏರದ ಲೆಕ್ಕ ಲೆಕ್ಕವೇ ಅಲ್ಲ.

ಎರಡು. ವಾರ್ಡು ವಿಂಗಡಣೆಯ ಕರಡು ಬಂದಾಗ ಕಣ್ಣಿಟ್ಟು ನೋಡಿ. ಒಂದು ಕನ್ನಡ ಹಳ್ಳಿಯನ್ನ ಎರಡಾಗಿ ಸೀಳಿ ಎರಡು ವಾರ್ಡಿಗೆ ಸೇರಿಸಿದರೆ ಎರಡೂ ಕಡೆ ನಾವು ಅಲ್ಪಸಂಖ್ಯಾತರು. ಆಕ್ಷೇಪಣೆಗೆ ಕೊಡೋ ದಿನಗಳು ಕಮ್ಮಿ ಇರುತ್ತವೆ. ಓದಕ್ಕೆ ಬರೋರು ಓದಿ ಊರಿಗೆ ಹೇಳಿ.

ಮೂರು. ಜನಗಣತಿ ಬರ್ತಾ ಇದೆ, 2027ರ ಮಾರ್ಚ್ 1 ಅದರ ಲೆಕ್ಕದ ದಿನ. ಮಾತೃಭಾಷೆ ಯಾವುದು ಅಂತ ಕೇಳ್ತಾರೆ. ಕನ್ನಡ ಮನೆಮಾತಾದರೆ ಕನ್ನಡ ಅಂತಲೇ ಹೇಳಿ, ಬರೆದದ್ದನ್ನ ನೋಡಿ. ಮೇಲೆ ಹೇಳಿದ ನೂರಕ್ಕೆ 15ರ ಲೆಕ್ಕ ಬರೋದು ಅಲ್ಲಿಂದಲೇ. ಗಣತಿಯಲ್ಲಿ ನಾವೇ ಬಿಟ್ಟುಹೋದರೆ ಆಮೇಲೆ ಯಾವ ಕಾನೂನೂ ನಮ್ಮನ್ನ ಹುಡುಕಿಕೊಂಡು ಬರಲ್ಲ.

ನಾಲ್ಕು. ಚುನಾವಣೆ ಬಂದ ದಿನ ಪ್ರತಿ ಅಭ್ಯರ್ಥಿಗೂ, ನಮ್ಮ ಜಾತಿಯವರಿಗೂ, ಸೋದರಮಾವನಿಗೂ, ಒಂದೇ ಕಾಗದ ಕೊಡೋಣ. ಪಂಚಾಯತಿ ನೋಟೀಸು ಕನ್ನಡದಲ್ಲೂ ಕೊಡ್ತೀರಾ? ಯೂನಿಯನ್ ಶಾಲೆಗಳ ಪೈಕಿ ಕನ್ನಡ ಮಕ್ಕಳು ಓದೋ ಶಾಲೆಯ ಕಟ್ಟಡ ರಿಪೇರಿ ಮೊದಲು ಮಾಡಿಸ್ತೀರಾ? ಕನ್ನಡ ಮೇಷ್ಟ್ರ ಹುದ್ದೆ ಖಾಲಿ ಇದ್ದರೆ ತುಂಬಿಸಿ ಅಂತ ನಿರ್ಣಯ ಕಳಿಸ್ತೀರಾ? ಮೇಷ್ಟ್ರನ್ನ ನೇಮಿಸೋ ಅಧಿಕಾರ ಪಂಚಾಯತಿಗಿಲ್ಲ, ನಮಗೂ ಗೊತ್ತು. ಕೇಳೋ ಅಧಿಕಾರ ಇದೆ. ಸಹಿ ಹಾಕಿದವರಿಗೆ ಓಟು. ನಕ್ಕು ಜಾರಿಕೊಂಡವರಿಗೆ ನಾವೂ ನಕ್ಕು ಕಳಿಸೋಣ.

ಕನ್ನಡದವರೇ ಗೆಲ್ಲಬೇಕು ಅಂತ ನಮ್ಮ ಹಟ ಇಲ್ಲ. ತಮಿಳು ಮನೆಮಾತಿನವರೋ, ತೆಲುಗಿನವರೋ, ಉರ್ದುವಿನವರೋ ಆ ಕಾಗದಕ್ಕೆ ಸಹಿ ಹಾಕಿದರೆ ಅವರೇ "ನಮ್ಮೋರು". ಮನೇಲಿ ಕನ್ನಡ ಆಡಿ ಸಹಿ ಹಾಕದವರು ಬರೀ ನೆಂಟರು.

ಆ ತಾತ ಈಗಲೂ ಇದ್ದಾರೆ. ಮೊನ್ನೆ ಸಂತೇಲಿ ಸಿಕ್ಕಿದ್ರು. ಮತ್ತೆ ಎಣಿಕೆ ಯಾವಾಗ, ಚಳೀಲಿ ಕೂರಕ್ಕೆ ಈ ಸಲ ಆಗುತ್ತೋ ಇಲ್ವೋ ಅಂದ್ರು. ಬರಬೇಕು ತಾತ, ಕಂಬಳಿ ನಾವು ತರ್ತೀವಿ ಅಂತ ಹೇಳಿದ್ದೀವಿ. ಮುಂದಿನ ಸಲ ಅವರು "ನಮ್ಮೋರು ಗೆದ್ರೇನಪ್ಪಾ" ಅಂತ ಕೇಳಿದಾಗ ಕೈಯಲ್ಲಿ ಸಹಿ ಮಾಡಿದ ಕಾಗದ ಹಿಡ್ಕೊಂಡು ಉತ್ತರ ಹೇಳೋಣ.

ಜನವರಿ 26ರ ಗ್ರಾಮಸಭೆಗೆ ನಿಮ್ಮ ಊರಿಂದ ಯಾರು ಹೋಗ್ತೀರಿ? ಕೆಳಗೆ ಊರಿನ ಹೆಸರು ಬರೆಯಿರಿ. ಅರ್ಜಿಯ ನಮೂನೆ ಕನ್ನಡದಲ್ಲೂ ತಮಿಳಲ್ಲೂ ಬರೆದು ಕೊಡೋ ಕೆಲಸ ನಮ್ಮದು.

ಸಿರಿಗನ್ನಡಂ ಗೆಲ್ಗೆ.